ಮಾಲೆ ಹಾಕಿದ ನಾಲ್ಕನೇ ದಿನ: ಒಂದು ಪ್ರಕರಣ ಅಧ್ಯಯನ

ನಾನು ಬಯಲುಸೀಮೆಯ ಒಂದು ಜಿಲ್ಲೆಯಲ್ಲಿ ಮನೋವೈದ್ಯೆ. ಹೊಸದಾಗಿ ಬರುವ ವೈದ್ಯರಿಗೆ, ನರ್ಸ್‌ಗಳಿಗೆ ಮಾನಸಿಕ ಕಾಯಿಲೆಗಳ ವರ್ಗೀಕರಣದ ಪಾಠ ಮಾಡುವಾಗ ಮೊದಲೆಲ್ಲ ಪಟ್ಟಿಯಿಂದ ಶುರು ಮಾಡುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು, ಮರುವಾರಕ್ಕೆ ಮರೆಯುತ್ತಿದ್ದರು. ಈಗ ಈ ಪ್ರಕರಣದಿಂದಲೇ ಶುರು ಮಾಡುತ್ತೇನೆ. ಇದನ್ನು ಬರೆಯಲು ಆ ದಂಪತಿಯ ಒಪ್ಪಿಗೆ ಇದೆ. ಊರು, ವಯಸ್ಸು, ಮನೆಯವರ ವಿವರ ಬದಲಿಸಿದ್ದೇನೆ. ಗಂಡನದು ಟೈಲ್ಸ್ ಹಾಕುವ ಕೆಲಸ. ಹಾಗಾಗಿ ಇಲ್ಲಿ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತೇನೆ.

ಹಿನ್ನೆಲೆ

ಮೇಸ್ತ್ರಿಗೆ ಆಗ 38 ವರ್ಷ. ಮನೆಯಲ್ಲಿ ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗ, ತಾಯಿ. ಕೆಲಸ ಬಹಳ ಚೊಕ್ಕ. ನಾಲ್ಕು ಟೈಲ್ಸ್ ಸೇರುವ ಕಡೆ ಉಗುರು ಆಡಿಸಿದರೂ ಏರುತಗ್ಗು ಸಿಗಬಾರದು ಎನ್ನುವಂಥವರು. ಕುಡಿತ 19ನೇ ವಯಸ್ಸಿಗೆ ಶುರುವಾಗಿತ್ತು. ಮೊದಮೊದಲು ಸಂಜೆಗೆ ಒಂದು ನೈಂಟಿ ಪ್ಯಾಕು. ಕಳೆದ ಐದು ವರ್ಷದಿಂದ ದಿನಕ್ಕೆ ನಾಲ್ಕು, ಕೆಲವು ದಿನ ಐದು. ಬೆಳಗ್ಗೆ ಎದ್ದರೆ ಕೈ ನಡುಗುತ್ತಿತ್ತು. ಒಂದು ಪ್ಯಾಕು ಒಳಗೆ ಹೋಗುವವರೆಗೆ ಕರಣೆ ಹಿಡಿಯಲು ಆಗುತ್ತಿರಲಿಲ್ಲ. ಹೋದ ಮೇಲೆ ಕೈ ನಿಲ್ಲುತ್ತಿತ್ತು, ಕೆಲಸ ಸಾಗುತ್ತಿತ್ತು. ಬೀದಿಯಲ್ಲಿ ಬಿದ್ದವರಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವರಲ್ಲ. ಹೀಗಾಗಿ ಊರಿನ ಲೆಕ್ಕದಲ್ಲಿ ಅವರು ಕುಡುಕ ಅಲ್ಲವೇ ಅಲ್ಲ.

ಆ ವರ್ಷ ನವೆಂಬರ್ ಕೊನೆಯಲ್ಲಿ ಶಬರಿಮಲೆಗೆ ಮಾಲೆ ಹಾಕಿಸಿಕೊಂಡರು. 41 ದಿನದ ವ್ರತ. ನಸುಕಿಗೆ ತಣ್ಣೀರು ಸ್ನಾನ, ಕಪ್ಪು ಬಟ್ಟೆ, ಬರಿಗಾಲು, ಮದ್ಯ ಮಾಂಸ ಇಲ್ಲ. ಹೆಂಡತಿ ಹರಕೆ ಹೊತ್ತಿದ್ದರು. ಮಾಲೆ ಹಾಕಿದರೆ ಕುಡಿತವೂ ಬಿಟ್ಟುಹೋಗಲಿ ಅಂತ. ಹಾಗೆ ಬಿಟ್ಟವರು ನಮ್ಮ ಸೀಮೆಯಲ್ಲಿ ತುಂಬ ಜನ ಇದ್ದಾರೆ. ಹಾಗಾಗಿ ಆ ಆಸೆಯಲ್ಲಿ ತಪ್ಪೇನೂ ಇರಲಿಲ್ಲ.

ಮೂರು ರಾತ್ರಿ

ಸೋಮವಾರ ಬೆಳಗ್ಗೆ ಗುರುಸ್ವಾಮಿ ಮಾಲೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಮೈ ಬೆವರತೊಡಗಿತು, ಕೈ ನಡುಕ ನಿಲ್ಲಲಿಲ್ಲ. ಊಟ ಸೇರಲಿಲ್ಲ, ರಾತ್ರಿ ನಿದ್ದೆ ಇಲ್ಲ. ಮೊದಲ ದಿನ, ಹೀಗೇ ಇರುತ್ತೆ ಅಂದುಕೊಂಡರು.

ಮಂಗಳವಾರ ನಸುಕಿನಲ್ಲಿ ಸ್ನಾನ ಮಾಡುವಾಗ ಕೈಕಾಲು ಸೆಟೆದು ಬಿದ್ದರು. ಬಾಯಲ್ಲಿ ನೊರೆ. ತಾಯಿ ಕೈಗೆ ಬೀಗದ ಕೈ ಹಿಡಿಸಿದರು. ಐದು ನಿಮಿಷಕ್ಕೆ ಕಣ್ಣು ಬಿಟ್ಟರು. ತಣ್ಣೀರಿನ ಚಳಿಗೆ ಹೀಗಾಯಿತು ಎಂದು ಎಲ್ಲರೂ ಒಪ್ಪಿಕೊಂಡರು.

ಬುಧವಾರ ರಾತ್ರಿ ಬೇರೆಯೇ ಶುರುವಾಯಿತು. ಗೋಡೆ ತುಂಬ ಇರುವೆ ಹರಿದಾಡುತ್ತಿವೆ ಎಂದು ಕೂಗಿದರು. ಹೊದಿಕೆ ಕೊಡವಿದರು, ಮೈ ಕೊಡವಿದರು. ಮಗನನ್ನು ನೋಡಿ ತಮ್ಮ ಹಳೇ ಹೆಲ್ಪರ್ ಹುಡುಗನ ಹೆಸರು ಹಿಡಿದು ಕರೆದರು. ತಾಯಿ, ಮೈಮೇಲೆ ಬಂದಿದೆ ಅಂದರು. ಪಕ್ಕದ ಮನೆಯವರು, ವ್ರತದಲ್ಲಿ ಏನೋ ಮೈಲಿಗೆ ಆಗಿದೆ ಅಂದರು. ಅಣ್ಣ ಮಾತ್ರ, ಅದೆಲ್ಲ ಆಮೇಲೆ ನೋಡೋಣ ಎಂದು ಆಟೋ ತರಿಸಿ ಪಟ್ಟಣದ ಒಂದು ಕ್ಲಿನಿಕ್ಕಿಗೆ ಕರೆದೊಯ್ದರು.

ಅಲ್ಲಿನ ವೈದ್ಯರು ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದರು. "ಕುಡಿತಾರಾ?" ತಾಯಿ ಉತ್ತರ ಕೊಟ್ಟರು: "ಅಯ್ಯೋ, ಮಾಲೆ ಹಾಕಿದಾರೆ, ಮುಟ್ಟಲ್ಲ."

ಈ ಉತ್ತರದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಇಡೀ ಪ್ರಕರಣ ದಾರಿ ತಪ್ಪಿದ್ದು ಇಲ್ಲೇ. ಕುಡಿಯುವುದಿಲ್ಲ ಎಂದ ಮೇಲೆ ಉಳಿದದ್ದೇನು? ಇದ್ದಕ್ಕಿದ್ದ ಹಾಗೆ ಇಲ್ಲದ್ದು ಕಾಣುವ, ಕಿರುಚುವ ಒಬ್ಬ ಗಂಡಸು. ಚೀಟಿಯಲ್ಲಿ 'ಆಕ್ಯೂಟ್ ಸೈಕೋಸಿಸ್' ಎಂದು ಬರೆದರು, ಅಂದರೆ ಇದ್ದಕ್ಕಿದ್ದಂತೆ ವಾಸ್ತವದ ಹಿಡಿತ ತಪ್ಪುವ ಮಾನಸಿಕ ಕಾಯಿಲೆ. ಹ್ಯಾಲೋಪೆರಿಡಾಲ್ ಇಂಜೆಕ್ಷನ್ ಕೊಟ್ಟು, ಬೆಳಗ್ಗೆ ಮಾನಸಿಕ ವೈದ್ಯರಿಗೆ ತೋರಿಸಿ ಎಂದು ಕಳಿಸಿದರು. ಆ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಹತ್ತು ಗಂಟೆಗೆ, ಗಲಾಟೆಯ ನಡುವೆ, ಅಂಥ ಉತ್ತರ ಸಿಕ್ಕರೆ ತುಂಬ ಜನ ಅದನ್ನೇ ಬರೆದಾರು.

ಒಂದು ಪ್ರಶ್ನೆ ಬದಲಾದಾಗ

ಗುರುವಾರ ಬೆಳಗಿನ ಜಾವ ನಮ್ಮಲ್ಲಿಗೆ ಬಂದರು. ರಾತ್ರಿ ಪಾಳಿಯಲ್ಲಿದ್ದದ್ದು ಇಪ್ಪತ್ತು ವರ್ಷ ಅನುಭವದ ಒಬ್ಬ ನರ್ಸ್. ಅವರು ಮೊದಲು ಚೀಟಿ ಓದಲಿಲ್ಲ, ನಾಡಿ ನೋಡಿದರು. ನಿಮಿಷಕ್ಕೆ 130. ಚಳಿಯ ಬೆಳಗಿನಲ್ಲಿ ಅಂಗಿ ಬೆವರಿಗೆ ಒದ್ದೆ. ಜ್ವರ 101. ಚಾಚಿದ ಕೈ ಎಲೆ ಅಲುಗಿದ ಹಾಗೆ ನಡುಗುತ್ತಿತ್ತು. ಆಮೇಲೆ ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಿದರು. "ಅಮ್ಮ, ಕೊನೆಗೆ ಕುಡಿದದ್ದು ಯಾವಾಗ?"

"ಭಾನುವಾರ ರಾತ್ರಿ. ನಾಳೆಯಿಂದ ಮಾಲೆ ಅಂತ ಅವತ್ತು ಜಾಸ್ತಿನೇ ಕುಡಿದ್ರು."

ಅಷ್ಟೇ. 'ಕುಡಿತಾರಾ' ಎಂದರೆ ಇವತ್ತಿನ ಮಾತು. ಅದರಲ್ಲಿ ನಡತೆಯ ಬಗ್ಗೆ ಅನುಮಾನವೂ ಇದೆ, ಮಾಲೆ ಹಾಕಿದವರ ಮನೆಯವರಿಗೆ ಅವಮಾನ ಮಾಡಿದಂತೆಯೂ ಕೇಳುತ್ತದೆ. 'ಕೊನೆಗೆ ಕುಡಿದದ್ದು ಯಾವಾಗ' ಎಂದರೆ ಬರೀ ದಿನ, ಗಂಟೆಯ ಲೆಕ್ಕ. ಯಾರೂ ತಲೆ ತಗ್ಗಿಸಬೇಕಿಲ್ಲ.

ನಾನು ಬಂದಾಗ ಮೇಸ್ತ್ರಿ ಹಾಸಿಗೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಹೊದಿಕೆಯನ್ನು ಅಂಗೈಯಿಂದ ಒರೆಸಿ ಸಮ ಮಾಡುತ್ತಿದ್ದರು. ಕಾಣದ ಒಂದು ಟೈಲ್ಸ್ ಎತ್ತಿ, ನಿಧಾನಕ್ಕೆ ಇಳಿಸಿ, ನಾಲ್ಕೂ ಮೂಲೆ ಒತ್ತುತ್ತಿದ್ದರು. ಬೆರಳ ಗೆಣ್ಣಿನಿಂದ ಹಾಸಿಗೆ ತಟ್ಟಿ, ಕಿವಿ ಕೊಟ್ಟು, ಕೆಳಗೆ ಪೊಳ್ಳು ಇದೆಯಾ ಎಂದು ಕೇಳಿಸಿಕೊಳ್ಳುತ್ತಿದ್ದರು. ಮತ್ತೆ ಇನ್ನೊಂದು ಟೈಲ್ಸ್. ಎಲ್ಲಿದ್ದೀರಿ ಎಂದರೆ ಸೈಟಲ್ಲಿ ಅಂದರು. ನಾನು ಯಾರು ಎಂದರೆ, ಓನರ್ ಮೇಡಂ ಅಂದರು. ಶನಿವಾರದಿಂದ ಹಿಂದಕ್ಕೆ ವಾರಗಳ ಹೆಸರು ಹೇಳಿ ಅಂದೆ. ಶನಿವಾರ, ಶುಕ್ರವಾರ ಎಂದವರು ಅಲ್ಲಿಂದ ತಿರುಗಿ ಶನಿವಾರ, ಭಾನುವಾರ ಎಂದು ಮುಂದಕ್ಕೆ ಹೋದರು. ಒಂದು ಖಾಲಿ ಬಿಳಿ ಹಾಳೆ ಕೈಗೆ ಕೊಟ್ಟು, ಓದಿ ಅಂದೆ. ಗಂಭೀರವಾಗಿ ಓದಿದರು. "ಎರಡು ಬೈ ಎರಡು, ನಲವತ್ತೆಂಟು ಪೀಸು."

ಸಾಲಾಗಿ ಕೇಳಬೇಕಾದ್ದು

ಇಲ್ಲಿ ವರ್ಗೀಕರಣದ ಮಾತು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹತ್ತನೇ ಆವೃತ್ತಿಗೆ, ಅಂದರೆ ಐಸಿಡಿ 10ಕ್ಕೆ, ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ. ಹನ್ನೊಂದನೆಯದು 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೂ ನಮ್ಮ ರಿಜಿಸ್ಟರಿನಲ್ಲಿ ಇನ್ನೂ ಮಾನಸಿಕ ಕಾಯಿಲೆಗಳಿಗೆ ಹತ್ತನೆಯದು ಕೊಟ್ಟ ಹಳೆಯ ಎಫ್ ಸಂಖ್ಯೆಗಳೇ ಓಡುತ್ತಿವೆ. ಹೊಸ ಆವೃತ್ತಿಯಲ್ಲಿ ಕ್ರಮ ಬದಲಾಗಿದೆ. ಹಳೆಯ ಕ್ರಮದಲ್ಲಿ ಒಂದು ದೊಡ್ಡ ಪಾಠ ಇದೆ. ಅದಕ್ಕೇ ಅದನ್ನು ನಾನು ಬಿಟ್ಟಿಲ್ಲ.

ಎಫ್ 00ರಿಂದ 09: ಮಿದುಳಿಗೋ ದೇಹಕ್ಕೋ ಆದ ತೊಂದರೆಯಿಂದ ಬರುವಂಥವು. ಮರೆವಿನ ಕಾಯಿಲೆ, ಅರಿವು ಕದಡುವ ಡಿಲಿರಿಯಂ ಎಲ್ಲ ಇಲ್ಲಿ. 10ರಿಂದ 19: ಮದ್ಯ, ಗಾಂಜಾ, ತಂಬಾಕು, ಬೇರೆ ಅಮಲು ಪದಾರ್ಥ. 20ರಿಂದ 29: ಸ್ಕಿಜೋಫ್ರೀನಿಯಾ ಮತ್ತು ಅದರ ಬಳಗ. 30ರಿಂದ 39: ಖಿನ್ನತೆ, ಉನ್ಮಾದ, ಎರಡೂ ಬಂದುಹೋಗುವ ಬೈಪೋಲಾರ್. 40ರಿಂದ 48: ಆತಂಕ, ಗೀಳು, ಆಘಾತದ ನಂತರ ಬರುವಂಥವು. ಆಮೇಲೆ ಊಟ ನಿದ್ದೆಯ ತೊಂದರೆ, ವ್ಯಕ್ತಿತ್ವದ ತೊಂದರೆ, ಬುದ್ಧಿ ಬೆಳವಣಿಗೆಯದು, ಮಕ್ಕಳದು.

ಇದನ್ನು ಬರೀ ಖಾನೆಗಳ ಸಾಲು ಅಂದುಕೊಂಡರೆ ಪ್ರಯೋಜನ ಇಲ್ಲ. ಇದು ಪ್ರಶ್ನೆಗಳ ಸಾಲು. ಮೇಲಿನದನ್ನು ತಳ್ಳಿಹಾಕದೆ ಕೆಳಗಿನದಕ್ಕೆ ಇಳಿಯುವ ಹಾಗಿಲ್ಲ. ಮಿದುಳಿನ ಕಾಯಿಲೆ ಎದ್ದು ಕಾಣುತ್ತಿದ್ದರೆ, ಅಥವಾ ಅಮಲಿನಲ್ಲೋ ಅಮಲು ಇಳಿಯುವಾಗಲೋ ಇದ್ದರೆ ಸ್ಕಿಜೋಫ್ರೀನಿಯಾ ಎಂದು ಬರೆಯಬಾರದು ಎಂದು ಆ ಪುಸ್ತಕವೇ ಹೇಳುತ್ತದೆ. ಮೇಸ್ತ್ರಿಯ ಚೀಟಿ ನೇರವಾಗಿ ಮೂರನೇ ಮೆಟ್ಟಿಲಿಗೆ ಹಾರಿತ್ತು.

ನನ್ನ ಜೊತೆ ಇದ್ದ ಕಿರಿಯ ವೈದ್ಯರು ಅಲ್ಲೇ ಕೇಳಿದರು. "ಮೇಡಂ, ಇಲ್ಲದ್ದು ಕಾಣ್ತಿದೆಯಲ್ಲ, ಸೈಕೋಸಿಸ್ ಅಲ್ವಾ?" ಒಳ್ಳೆಯ ಪ್ರಶ್ನೆ. ಸ್ಕಿಜೋಫ್ರೀನಿಯಾದಲ್ಲಿ ಸಾಮಾನ್ಯವಾಗಿ ಕಾಡುವುದು ದನಿ. ನಾಲ್ಕು ಜನ ತನ್ನ ಬಗ್ಗೆ ಮಾತಾಡಿಕೊಂಡಂತೆ, ತಾನು ಮಾಡುವುದನ್ನೆಲ್ಲ ಯಾರೋ ವರದಿ ಒಪ್ಪಿಸಿದಂತೆ. ತನ್ನ ಯೋಚನೆ ತನ್ನದಲ್ಲ, ಯಾರೋ ಒಳಗೆ ಹಾಕುತ್ತಿದ್ದಾರೆ ಅನಿಸಬಹುದು. ಇಂಥದ್ದು ಒಂದು ತಿಂಗಳಾದರೂ ಇರಬೇಕು. ಅಷ್ಟೆಲ್ಲ ಇದ್ದರೂ ಆ ವ್ಯಕ್ತಿಗೆ ಇವತ್ತು ಯಾವ ವಾರ, ತಾನು ಎಲ್ಲಿದ್ದೇನೆ ಎನ್ನುವುದು ಸಾಮಾನ್ಯವಾಗಿ ಗೊತ್ತಿರುತ್ತದೆ. ಅರಿವು ತಿಳಿಯಾಗಿಯೇ ಇರುತ್ತದೆ, ಅದರಲ್ಲಿ ತೋರುವ ಚಿತ್ರ ತಪ್ಪಾಗಿರುತ್ತದೆ. ಮೇಸ್ತ್ರಿಗೆ ಅರಿವೇ ಕದಡಿತ್ತು. ಒಂದು ಗಳಿಗೆ ಹೆಂಡತಿಯ ಗುರುತು ಸಿಗುತ್ತಿತ್ತು, ಮರುಗಳಿಗೆ ಇಲ್ಲ. ಹಗಲಿಗಿಂತ ರಾತ್ರಿ ಜಾಸ್ತಿ. ಜ್ವರದಲ್ಲಿ ಬಡಬಡಿಸುವುದಕ್ಕೆ ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದರಲ್ಲ, ಅದೇ ಇದು. ಡಿಲಿರಿಯಂ.

ಇನ್ನೊಬ್ಬರು, ಮೂರು ದಿನದಿಂದ ನಿದ್ದೆ ಇಲ್ಲ, ಒಂದೇ ಸಮ ಮಾತು, ಉನ್ಮಾದ ಯಾಕಲ್ಲ ಎಂದರು. ಉನ್ಮಾದದಲ್ಲಿ ಮನಸ್ಸು ಒಂದು ವಾರವಾದರೂ ಏರಿರುತ್ತದೆ ಅಥವಾ ಸಿಡುಕಾಗಿರುತ್ತದೆ. ದೊಡ್ಡ ದೊಡ್ಡ ಮಾತು, ಮಿತಿ ಇಲ್ಲದ ಖರ್ಚು. ನಿದ್ದೆ ಬೇಡವೇ ಬೇಡ, ಆದರೂ ಸುಸ್ತಿಲ್ಲ. ಮೇಸ್ತ್ರಿಗೆ ಸಂತೋಷವೂ ಇರಲಿಲ್ಲ, ಜಂಬವೂ ಇರಲಿಲ್ಲ. ಹೆದರಿದ್ದರು, ಬೆವರಿದ್ದರು, ಬಳಲಿದ್ದರು.

ಹಾಗಾದರೆ ಮೊದಲ ಮೆಟ್ಟಿಲು. ಮಂಗಳವಾರ ಬಚ್ಚಲಲ್ಲಿ ಬಿದ್ದಿದ್ದರಲ್ಲ, ತಲೆಗೆ ಪೆಟ್ಟಾಗಿ ಒಳಗೆ ರಕ್ತ ಇದ್ದರೆ? ತಲೆಯ ಸಿಟಿ ಸ್ಕ್ಯಾನ್ ಮಾಡಿಸಿದೆವು. ಏನೂ ಇರಲಿಲ್ಲ. ಸಕ್ಕರೆ, ಉಪ್ಪಿನಂಶ, ಲಿವರ್, ಎದೆಯ ಎಕ್ಸ್‌ರೇ ನೋಡಿದೆವು. ಪೊಟ್ಯಾಸಿಯಂ ಕಡಿಮೆ ಇತ್ತು, ಲಿವರ್ ಕಿಣ್ವಗಳು ಏರಿದ್ದವು. ಈ ಮಟ್ಟದ ಗೊಂದಲವನ್ನು ವಿವರಿಸಲು ಅವು ಸಾಲದು. ಎರಡನೇ ಮೆಟ್ಟಿಲಿನಲ್ಲಿ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಕೊನೆಯ ಕುಡಿತವಾಗಿ ಒಂದು ದಿನಕ್ಕೆ ನಡುಕ, ಬೆವರು. ಎರಡು ದಿನದ ಒಳಗೆ ಫಿಟ್ಸ್. ಮೂರನೇ ರಾತ್ರಿ ಸನ್ನಿ. ಮದ್ಯ ಬಿಟ್ಟಾಗ ಬರುವ ಡಿಲಿರಿಯಂ ಹೆಚ್ಚಾಗಿ ಹಿಡಿಯುವ ವೇಳಾಪಟ್ಟಿಯೇ ಇದು. ಥಾಮಸ್ ಸಟನ್ ಎಂಬ ಇಂಗ್ಲಿಷ್ ವೈದ್ಯ 1813ರಲ್ಲೇ ಇದಕ್ಕೆ ಡಿಲಿರಿಯಂ ಟ್ರೆಮೆನ್ಸ್ ಎಂದು ಹೆಸರಿಟ್ಟಿದ್ದ. ನಡುಕದ ಸನ್ನಿ ಎಂದೇ ಅರ್ಥ. ನಮ್ಮ ರಿಜಿಸ್ಟರಿನಲ್ಲಿ ಎಫ್ 10.4.

ಯಾಕೆ ಹೀಗಾಗುತ್ತದೆ ಎಂದು ಮೇಸ್ತ್ರಿಯ ಅಣ್ಣನಿಗೆ ಹೇಳಿದ ರೀತಿಯಲ್ಲೇ ಇಲ್ಲೂ ಹೇಳುತ್ತೇನೆ. ಅವರು ಲಾರಿ ಓಡಿಸುತ್ತಾರೆ. ಮದ್ಯ ಮಿದುಳಿನ ಬ್ರೇಕನ್ನು ಒತ್ತುತ್ತದೆ. ವರ್ಷಗಟ್ಟಲೆ ದಿನವೂ ಒತ್ತಿದರೆ, ಗಾಡಿ ನಿಲ್ಲದಿರಲಿ ಎಂದು ಮಿದುಳು ಆಕ್ಸಿಲರೇಟರನ್ನು ಜಾಸ್ತಿ ಒತ್ತಿ ಹಿಡಿಯುವುದನ್ನು ಕಲಿಯುತ್ತದೆ. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಬ್ರೇಕಿನ ಮೇಲಿನ ಕಾಲು ತೆಗೆದರೆ? ಆಕ್ಸಿಲರೇಟರ್ ಇನ್ನೂ ತಳಕ್ಕೇ ಒತ್ತಿಕೊಂಡಿರುತ್ತದೆ. ನಾಡಿ, ಬೆವರು, ನಡುಕ, ಫಿಟ್ಸ್, ಸನ್ನಿ ಎಲ್ಲ ಆ ಓಟವೇ.

ಹೆಸರು ಬದಲಾದರೆ ಮದ್ದು ಬದಲಾಗುತ್ತದೆ

ಯಾವ ಹೆಸರು ಬರೆದರೇನು, ಹೇಗೂ ಮಲಗಿಸುವ ಇಂಜೆಕ್ಷನ್ ಕೊಡುವುದು ತಾನೇ ಎಂದು ಕೆಲವರು ಕೇಳುತ್ತಾರೆ. ಹಾಗಲ್ಲ. ಸೈಕೋಸಿಸ್‌ಗೆ ಕೊಡುವ ಹ್ಯಾಲೋಪೆರಿಡಾಲ್ ಒಂದನ್ನೇ ಕೊಟ್ಟರೆ ಆ ಓಟ ನಿಲ್ಲುವುದಿಲ್ಲ, ಫಿಟ್ಸ್ ಬರುವ ಸಾಧ್ಯತೆ ಇನ್ನಷ್ಟು ಹೆಚ್ಚುತ್ತದೆ. ಇಲ್ಲಿ ಬೇಕಾದದ್ದು ಬ್ರೇಕನ್ನು ಮತ್ತೆ ಒತ್ತಿ, ಆಮೇಲೆ ನಿಧಾನಕ್ಕೆ ಬಿಡುವ ಮದ್ದು. ಲೊರಾಜೆಪಾಮ್, ಡಯಜೆಪಾಮ್ ಗುಂಪಿನದು. ಮೇಸ್ತ್ರಿಯ ಲಿವರ್ ಸೋತಿದ್ದರಿಂದ ಲೊರಾಜೆಪಾಮ್ ಆರಿಸಿದೆವು. ನಾಡಿ, ನಡುಕ, ಬೆವರು ನೋಡಿ ನೋಡಿ ಮತ್ತೆ ಮತ್ತೆ ಕೊಟ್ಟೆವು.

ಇನ್ನೊಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕಾಯಿತು. "ಸುಸ್ತಾಗಿದಾರೆ, ಒಂದು ಗ್ಲೂಕೋಸ್ ಹಾಕಿ ಮೇಡಂ" ಎಂದು ಅಣ್ಣ ಒತ್ತಾಯ ಮಾಡುತ್ತಿದ್ದರು. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಬಿ1, ಅಂದರೆ ಥಯಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮಿದುಳಿಗೆ ಶಾಶ್ವತ ಹಾನಿ ಆಗಬಹುದು. ಮೊದಲು ಥಯಮಿನ್ ಇಂಜೆಕ್ಷನ್, ಆಮೇಲೆ ಡ್ರಿಪ್. ನಮ್ಮ ವಾರ್ಡಿನ ಗೋಡೆಯ ಮೇಲೆ ಈಗ ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ.

ಕೈಕಾಲು ಕಟ್ಟಲಿಲ್ಲ. ಕಿಟಕಿ ಪಕ್ಕದ ಹಾಸಿಗೆ, ರಾತ್ರಿಯೂ ಒಂದು ದೀಪ, ಎದುರಿಗೆ ಗಡಿಯಾರ. ಪಕ್ಕದಲ್ಲಿ ಯಾವಾಗಲೂ ಗುರುತಿನ ಒಬ್ಬರೇ, ಗುಂಪು ಬೇಡ ಎಂದೆವು. ಗಂಟೆಗೊಮ್ಮೆ ಹೆಂಡತಿ, "ಇದು ಆಸ್ಪತ್ರೆ, ಇವತ್ತು ಗುರುವಾರ, ನಾನು ಇಲ್ಲೇ ಇದೀನಿ" ಎಂದು ಹೇಳುತ್ತಿದ್ದರು. ಸನ್ನಿಯಲ್ಲಿ ಇದೂ ಚಿಕಿತ್ಸೆಯೇ. ಈ ಕಾಯಿಲೆಯಲ್ಲಿ 20ನೇ ಶತಮಾನದ ಆರಂಭದಲ್ಲಿ ಮೂವರಲ್ಲಿ ಒಬ್ಬರು ಸಾಯುತ್ತಿದ್ದರು. ಈಗ ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ನೂರರಲ್ಲಿ ಐವರಿಗಿಂತ ಕಡಿಮೆ. ಆ ಎರಡು ಅಂಕಿಗಳ ನಡುವೆ ಇರುವುದು ಇಂಥ ಸಣ್ಣ ಸಣ್ಣ ಕೆಲಸಗಳೇ.

ಶನಿವಾರ ಬೆಳಗ್ಗೆ ಮೇಸ್ತ್ರಿ ಕಣ್ಣು ಬಿಟ್ಟು ಕಾಫಿ ಕೇಳಿದರು. ಹಾಸಿಗೆಯ ಮೇಲೆ ಟೈಲ್ಸ್ ಹಾಕಿದ್ದು ನೆನಪಿರಲಿಲ್ಲ. ಇರುವೆ ಮಾತ್ರ ಅಲ್ಪಸ್ವಲ್ಪ ನೆನಪಿತ್ತು. ಕೊರಳು ಮುಟ್ಟಿ ನೋಡಿಕೊಂಡರು. ಮಾಲೆ ಇರಲಿಲ್ಲ. ಶುಕ್ರವಾರ ಗುರುಸ್ವಾಮಿಯೇ ವಾರ್ಡಿಗೆ ಬಂದು, ಶರಣು ಹೇಳಿ, ತೆಗೆದುಕೊಂಡು ಹೋಗಿದ್ದರು. ಅದು ಗೊತ್ತಾದಾಗ ಅವರು ಅತ್ತ ಅಳು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎರಡನೇ ತಿರುವು: ಇದು ಖಿನ್ನತೆಯಾ?

ಸನ್ನಿ ಇಳಿಯಿತು. ಆದರೆ ಹತ್ತನೇ ದಿನಕ್ಕೂ ಮೇಸ್ತ್ರಿ ಗೋಡೆ ನೋಡಿಕೊಂಡು ಮಲಗಿರುತ್ತಿದ್ದರು. ಊಟ ಅರ್ಧ, ನಿದ್ದೆ ಅರ್ಧ. ವ್ರತ ಕೆಡಿಸಿದೆ, ಮನೆಯವರ ಮಾನ ಕಳೆದೆ, ನಾನು ಇದ್ದೇನು ಪ್ರಯೋಜನ ಅನ್ನುತ್ತಿದ್ದರು. ಐಸಿಡಿ 10 ಖಿನ್ನತೆಗೆ ಮೂರು ಮುಖ್ಯ ಲಕ್ಷಣ ಹೇಳುತ್ತದೆ: ಮಂಕಾದ ಮನಸ್ಸು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬೇಗ ದಣಿಯುವುದು. ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ, ತನ್ನ ಮೇಲಿನ ನಂಬಿಕೆ ಕೆಡುವುದು, ತಪ್ಪಿತಸ್ಥ ಭಾವ, ಸಾಯುವ ಯೋಚನೆ. ಎರಡು ವಾರ ಇರಬೇಕು. ಎಣಿಸಿದರೆ ಲೆಕ್ಕ ಸರಿ ಬರುತ್ತಿತ್ತು, ಎರಡು ವಾರಕ್ಕೆ ನಾಲ್ಕೇ ದಿನ ಬಾಕಿ. ಕಿರಿಯ ವೈದ್ಯರು ಖಿನ್ನತೆಯ ಮಾತ್ರೆ ಬರೆಯಲು ಸಿದ್ಧವಾಗಿದ್ದರು.

ನಾನು ಕಾಯೋಣ ಎಂದೆ. ಜಾಸ್ತಿ ಕುಡಿಯುತ್ತಿದ್ದವರು ಬಿಟ್ಟ ಮೊದಲ ವಾರಗಳಲ್ಲಿ ಖಿನ್ನತೆಯಂತೆಯೇ ಕಾಣುತ್ತಾರೆ. ಬಹಳ ಜನರಲ್ಲಿ ನಾಲ್ಕು ವಾರದ ಒಳಗೆ ಅದು ತಾನಾಗಿ ತಿಳಿಯಾಗುತ್ತದೆ. ಎರಡನೇ ಮೆಟ್ಟಿಲಿನದು ಪೂರ್ತಿ ಇಳಿಯುವ ಮುಂಚೆ ನಾಲ್ಕನೇ ಮೆಟ್ಟಿಲಿನ ಹೆಸರು ಬರೆದರೆ, ಮಾತ್ರೆಯಿಂದ ಸರಿಹೋಯಿತೋ ಕುಡಿತ ಬಿಟ್ಟು ಸರಿಹೋಯಿತೋ ಮುಂದೆ ಯಾರಿಗೂ ತಿಳಿಯುವುದಿಲ್ಲ.

ಆದರೆ ಕಾಯುವುದು ಎಂದರೆ ಸುಮ್ನೆ ಕೂರುವುದಲ್ಲ. ಮೊದಲು ನೇರವಾಗಿ ಕೇಳಿದೆ. "ಸತ್ತುಹೋಗಬೇಕು ಅಂತ ಅನಿಸುತ್ತಾ? ಹೇಗೆ ಅಂತ ಯೋಚನೆ ಮಾಡಿದ್ದಿರಾ?" ಹೀಗೆ ಕೇಳಿದರೆ ತಲೆಗೆ ಆ ಯೋಚನೆ ಹಾಕಿದಂತೆ ಎಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ, ಕೇಳಿದರೆ ಭಾರ ಇಳಿಯುತ್ತದೆ. ಅನಿಸಿಲ್ಲ, ಮಗ ಇದ್ದಾನೆ ಎಂದರು. ಹಿಂದೆ ಕುಡಿಯದೇ ಇದ್ದ ದಿನಗಳಲ್ಲಿ ಹೀಗೆ ಮಂಕು ಕವಿದಿತ್ತಾ, ಮನೆತನದಲ್ಲಿ ಯಾರಿಗಾದರೂ ಇತ್ತಾ ಎಂದು ವಿಚಾರಿಸಿದೆ. ಇರಲಿಲ್ಲ. ಇವುಗಳಲ್ಲಿ ಒಂದಕ್ಕೆ ಹೌದು ಎಂದಿದ್ದರೂ ನಾನು ಕಾಯುತ್ತಿರಲಿಲ್ಲ. ಡಿಸ್ಚಾರ್ಜ್ ಮಾಡುವಾಗ ವಾರಕ್ಕೊಮ್ಮೆ ಭೇಟಿ ಎಂದು ಗೊತ್ತು ಮಾಡಿ, ಮನಸ್ಸು ತೀರಾ ಕುಗ್ಗಿದರೆ ಯಾವ ಹೊತ್ತಿಗಾದರೂ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416 ಸಂಖ್ಯೆಯನ್ನು ಹೆಂಡತಿಯ ಮೊಬೈಲಿಗೆ ಹಾಕಿಕೊಟ್ಟೆವು. ಕುಡಿತದ ಸೆಳೆತಕ್ಕೆ ಅಕಾಂಪ್ರೊಸೇಟ್ ಶುರು ಮಾಡಿದೆವು. ಲಿವರಿಗೆ ಅದು ಹೊರೆಯಲ್ಲ.

ನಾಲ್ಕನೇ ವಾರಕ್ಕೆ ಮುಖ ಗೆಲುವಾಗಿತ್ತು. ನಿದ್ದೆ ಬಂತು, ಹಸಿವು ಬಂತು, ಮನೆಯ ಅಡುಗೆಕೋಣೆಗೆ ತಾವೇ ಟೈಲ್ಸ್ ಹಾಕಿದರು. ನನ್ನ ನಿರ್ಧಾರ ಸರಿಯಾಯಿತು ಎಂದು ಸಮಾಧಾನಪಟ್ಟೆ. ಅಷ್ಟಕ್ಕೇ ಫೈಲು ಮುಚ್ಚಿದ್ದರೆ ದೊಡ್ಡ ತಪ್ಪಾಗುತ್ತಿತ್ತು.

ಕೊನೇ ಪಂಕ್ತಿ

ಹೆಂಡತಿ ಒಂದು ಮಾತು ಹೇಳಿದರು. "ಮನೇಲಿ ಎಲ್ಲಾ ಮಾಡ್ತಾರೆ ಮೇಡಂ. ಹೊರಗಡೆ ಕೆಲಸಕ್ಕೆ ಮಾತ್ರ ಹೋಗ್ತಿಲ್ಲ." ಮನೆಯವರಿಗೆ ಇದು ಸೋಮಾರಿತನ. ನನಗೆ, ಖಿನ್ನತೆ ಇನ್ನೂ ಉಳಿದಿದೆಯಾ ಎಂದು ಅನುಮಾನ. "ಭಯ ಏನಾದರೂ ಆಗುತ್ತಾ?" ಎಂದು ಕೇಳಿದೆ. "ಏನಿಲ್ಲ ಮೇಡಂ" ಎಂದರು. ನಾನು ಅದನ್ನೇ ಬರೆದುಕೊಂಡೆ.

ಆ ಕ್ಲಿನಿಕ್ಕಿನ ವೈದ್ಯರು ಮಾಡಿದ್ದನ್ನೇ ನಾನೂ ಮಾಡಿದ್ದೆ. ಮೂವತ್ತೆಂಟು ವರ್ಷದ ಗಂಡಸು, ಹೆಂಡತಿಯ ಎದುರು, ಭಯ ಆಗುತ್ತೆ ಎಂದು ಹೇಳುತ್ತಾರಾ? ಮುಂದಿನ ವಾರ ಮಾತಿನ ನಡುವೆ ಹೆಂಡತಿ, ಮದುವೆ ಮನೆಗೆ ಹೋದರೂ ಇವರು ಕೊನೇ ಪಂಕ್ತಿಗೇ ಕೂರೋದು ಎಂದರು. ಪೆನ್ನು ಅಲ್ಲೇ ನಿಲ್ಲಿಸಿದೆ. ಮೇಸ್ತ್ರಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಿದೆ. "ಕೊನೇ ಪಂಕ್ತಿ ಯಾಕೆ?"

"ಜನ ಕಡಿಮೆ ಇರ್ತಾರೆ ಮೇಡಂ. ಎದುರಿಗೆ ಯಾರಾದ್ರೂ ಕೂತ್ರೆ ಅನ್ನ ಕಲಸೋಕೆ ಕೈ ಬರಲ್ಲ."

ಅಲ್ಲಿಂದ ಎಲ್ಲ ಬಿಚ್ಚಿಕೊಂಡಿತು. ಎಂಟನೇ ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದಲು ಹೇಳಿದಾಗ ಗಂಟಲು ಕಟ್ಟಿತ್ತು, ಎಲ್ಲರೂ ನಕ್ಕಿದ್ದರು. ಮಾರನೇ ವರ್ಷ ಶಾಲೆ ಬಿಟ್ಟರು. ಟೈಲ್ಸ್ ಕೆಲಸ ಹಿಡಿದದ್ದು ಯಾಕೆ ಗೊತ್ತಾ? ಗೋಡೆಗೆ ಮುಖ, ಜನಕ್ಕೆ ಬೆನ್ನು. ಆದರೆ ಅಡ್ವಾನ್ಸ್ ಕೇಳಲು ಓನರ್ ಮುಂದೆ ನಿಲ್ಲಲೇಬೇಕಲ್ಲ. 19ನೇ ವಯಸ್ಸಿನಲ್ಲಿ ಹಾಗೆ ನಿಲ್ಲುವ ಮುಂಚೆ ಜೊತೆಯವನೊಬ್ಬ ಒಂದು ನೈಂಟಿ ಕೊಡಿಸಿದ. ಅವತ್ತು ನಾಲಿಗೆ ಹೊರಳಿತು, ದುಡ್ಡೂ ಸಿಕ್ಕಿತು. ಅಲ್ಲಿಂದ ಹತ್ತೊಂಬತ್ತು ವರ್ಷ, ಜನರ ಎದುರು ನಿಲ್ಲುವ ಮುಂಚೆ ಒಂದು ಪ್ಯಾಕು.

ಇದು ಐದನೇ ಮೆಟ್ಟಿಲು. ಎಫ್ 40.1, ನಾಲ್ಕು ಜನರ ಕಣ್ಣಿಗೆ ಬೀಳುವ ಭಯ, ಸಾಮಾಜಿಕ ಆತಂಕ. ಖಿನ್ನತೆಯಲ್ಲಿ ಇರುವವರು ಕೆಲಸಕ್ಕೆ ಹೋಗದಿದ್ದರೆ ಒಳಗಿನ ಮಾತು 'ಬೇಡ' ಎಂದಿರುತ್ತದೆ. ಆತಂಕದಲ್ಲಿ 'ಬೇಕು, ಆದರೆ ಆಗಲ್ಲ' ಎಂದಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಮನೆಯಲ್ಲಿ ಕೂತಿರುವುದೇ. ಆತಂಕದ ಬಳಗದಲ್ಲೂ ಬೇರೆ ಬೇರೆ ಇವೆ. ಎಲ್ಲೆಂದರಲ್ಲಿ, ಕಾರಣ ಇಲ್ಲದೆ ಹತ್ತು ನಿಮಿಷ ಎದೆ ಹೊಡೆದುಕೊಂಡು ಸತ್ತೇಹೋದೆ ಅನಿಸಿದರೆ ಪ್ಯಾನಿಕ್. ಮಗಳ ಮದುವೆ, ಮಳೆ, ಸಾಲ ಎಂದು ದಿನವಿಡೀ, ತಿಂಗಳುಗಟ್ಟಲೆ ಎಲ್ಲದರ ಬಗ್ಗೆಯೂ ಕಳವಳ ಆದರೆ ಅದು ಸಾರ್ವತ್ರಿಕ ಆತಂಕ. ಮೇಸ್ತ್ರಿಗೆ ಒಬ್ಬರೇ ಇದ್ದಾಗ ಏನೂ ಇಲ್ಲ. ಯಾರಾದರೂ ನೋಡುತ್ತಿದ್ದರೆ ಮಾತ್ರ.

ಈ ಆತಂಕಕ್ಕೆ ಕೊಡುವ ಸರ್ಟ್ರಾಲಿನ್ ಮಾತ್ರೆ ಶುರು ಮಾಡಿದೆವು. ಜೊತೆಗೆ ನಮ್ಮ ಆಪ್ತಸಮಾಲೋಚಕರು ಸಣ್ಣ ಸಣ್ಣ ಕೆಲಸ ಹಚ್ಚಿದರು. ಮೊದಲ ವಾರ, ಅಂಗಡಿಯಲ್ಲಿ ನೂರರ ನೋಟು ಕೊಟ್ಟು ಚಿಲ್ಲರೆ ಎಣಿಸಿ ತೆಗೆದುಕೊಳ್ಳುವುದು. ಆಮೇಲೆ ಹೋಟೆಲಿನಲ್ಲಿ ನಡುವಿನ ಟೇಬಲಿನಲ್ಲಿ ಕೂತು ಇಡ್ಲಿ ತಿನ್ನುವುದು. ಆಮೇಲೆ ಅಣ್ಣನ ಜೊತೆ ಹೋಗಿ ಒಬ್ಬ ಓನರ್‌ಗೆ ಚದರಡಿ ರೇಟು ಹೇಳುವುದು. ಕೊನೆಗೆ ಒಬ್ಬರೇ. ಭಯ ಏರುತ್ತದೆ, ಓಡಿಹೋಗದೆ ನಿಂತರೆ ಇಳಿಯುತ್ತದೆ. ಅದನ್ನು ಮೈಯೇ ಕಲಿಯಬೇಕು, ಮಾತಿನಿಂದ ಆಗುವುದಿಲ್ಲ. ಮೂರು ತಿಂಗಳು ಹಿಡಿಯಿತು.

ಏನಾಯಿತು

ಮಧ್ಯದಲ್ಲಿ ಒಮ್ಮೆ ಜಾರಿದರು. ಯುಗಾದಿಯ ಹೊಸತೊಡಕಿನ ದಿನ ನೆಂಟರು ಬಲವಂತ ಮಾಡಿದರು, ಮೂರು ದಿನ ಕುಡಿದರು. ಮೊದಲಾಗಿದ್ದರೆ ಮುಂದುವರಿಯುತ್ತಿತ್ತು, ಇಲ್ಲವೇ ದಿಢೀರ್ ಎಂದು ಬಿಟ್ಟು ಮತ್ತೆ ಸನ್ನಿ ಹಿಡಿಯುತ್ತಿತ್ತು. ಈ ಸಲ ನಾಲ್ಕನೇ ಬೆಳಗ್ಗೆ ತಾವೇ ಆಸ್ಪತ್ರೆಗೆ ಬಂದು, "ಮೇಡಂ, ನಿನ್ನೆ ರಾತ್ರಿ ಎಂಟಕ್ಕೆ ಕೊನೆದು" ಎಂದರು. ಗಂಟೆ ಸಮೇತ. ಐದು ದಿನ ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸಿದೆವು.

ನಮ್ಮಲ್ಲೂ ಒಂದು ಬದಲಾವಣೆ ಆಯಿತು. ಎಮರ್ಜೆನ್ಸಿಯ ದಾಖಲೆ ಹಾಳೆಯಲ್ಲಿ 'ಮದ್ಯಪಾನ: ಹೌದು/ಇಲ್ಲ' ಎಂದಿದ್ದ ಸಾಲನ್ನು ತೆಗೆಸಿ, 'ಕೊನೆಗೆ ಕುಡಿದ ದಿನ, ಗಂಟೆ' ಎಂದು ಹಾಕಿಸಿದೆವು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ಕುಗಳಿಗೂ ಅದೇ ಹಾಳೆ ಕಳಿಸಿದ್ದೇವೆ.

ಗುರುಸ್ವಾಮಿ ಒಂದು ದಿನ ಬಂದು ಕೂತರು. ನೊಂದುಕೊಂಡಿದ್ದರು. "ಹಂಗಾದ್ರೆ ಕುಡಿಯೋರಿಗೆ ಮಾಲೆ ಹಾಕಬಾರದಾ ಡಾಕ್ಟ್ರಮ್ಮ?" ಖಂಡಿತ ಹಾಕಿ ಎಂದೆ. ಮಾಲೆಗೆ ಇರುವ ಬಲ ನನ್ನ ಎಷ್ಟೋ ಮಾತ್ರೆಗಳಿಗೆ ಇಲ್ಲ. ಹಾಕುವ ಮುಂಚೆ ಮೂರು ವಿಷಯ ಕೇಳಿ: ಬೆಳಗ್ಗೆ ಕೈ ನಡುಗುತ್ತಾ, ನಡುಕ ನಿಲ್ಲಿಸೋಕೆ ಬೆಳಗ್ಗೆನೇ ಕುಡಿಯಬೇಕಾ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ. ಒಂದಕ್ಕೆ ಹೌದು ಎಂದರೂ ಮೊದಲು ನಮ್ಮ ಹತ್ತಿರ ಕಳಿಸಿ. ಒಂದು ವಾರ ಕೊಡಿ, ಕುಡಿತ ಇಳಿಸಿ ಕಳಿಸುತ್ತೇವೆ, ಆಮೇಲೆ ಹಾಕಿ.

ಮರುವರ್ಷ ನವೆಂಬರಿನಲ್ಲಿ ಅವರು ಇಬ್ಬರನ್ನು ಕಳಿಸಿದರು. ಇಬ್ಬರ ಜೊತೆಯಲ್ಲೂ ಬಂದವರು ಮೇಸ್ತ್ರಿ. ಒಬ್ಬರಿಗೆ ಮನೆಯಲ್ಲೇ ಮಾತ್ರೆ ಸಾಕಾಯಿತು. ಇನ್ನೊಬ್ಬರಿಗೆ ಹಿಂದೊಮ್ಮೆ ಫಿಟ್ಸ್ ಬಂದಿತ್ತು, ಆರು ದಿನ ವಾರ್ಡಿನಲ್ಲಿಟ್ಟುಕೊಂಡೆವು. ಏಳನೇ ದಿನ ಬೆಳಗ್ಗೆ ಆಸ್ಪತ್ರೆಯಿಂದ ನೇರ ದೇವಸ್ಥಾನಕ್ಕೆ ಹೋಗಿ, ಮೂವರೂ ಒಟ್ಟಿಗೆ ಮಾಲೆ ಹಾಕಿಸಿಕೊಂಡರು.